ಖಾಲಿ ಇರಬೇಕಾದ ಒಡ್ಡು

ಮುತ್ತಲಹಾಳ ಎಂಬ ಊರಿನ ಮೇಲುಗಡೆ, ಎರಡು ದಿನ್ನೆಗಳ ನಡುವೆ, ಒಂದು ಸಣ್ಣ ಮಣ್ಣಿನ ಒಡ್ಡು ಇತ್ತು. ಊರವರು ಅದನ್ನು ನೀರು ಕೂಡಿಡಲಿಕ್ಕೆ ಕಟ್ಟಿದ್ದಲ್ಲ. ಹುಚ್ಚೆದ್ದು ಬರುವ ನೀರನ್ನು ತಡೆದು, ನಿಧಾನವಾಗಿ ಬಿಡಲಿಕ್ಕೆ ಕಟ್ಟಿದ್ದು.

ಅದಕ್ಕೆ ಕಾರಣವಿತ್ತು. ಊರಿನ ಮಗ್ಗುಲಲ್ಲೇ ಕರಕಿಹಳ್ಳ ಹರಿಯುತ್ತಿತ್ತು. ಬೇಸಿಗೆಯಲ್ಲಿ ಅದು ಬರೀ ಉಸುಕು. ಆದರೆ ಒಂದು ವರ್ಷ ಪಡುವಣ ದಿಕ್ಕಿನಲ್ಲಿ ಎಲ್ಲೋ ದೊಡ್ಡ ಮಳೆಯಾಯಿತು. ಊರಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಹಾಡಹಗಲೇ ಹಳ್ಳ ಗೋಡೆಯಂತೆ ಎದ್ದು ಬಂದು, ಕೆಳಗೇರಿ ಎಂಬ ತಗ್ಗಿನ ಓಣಿಯನ್ನು ಬಳಿದುಕೊಂಡು ಹೋಯಿತು.

ಆ ಓಣಿಯ ತಿರಕಪ್ಪ ಅಂದು ಬೇವಿನ ಮರ ಹತ್ತಿ ಬದುಕಿದ. ಅವನ ಅಕ್ಕ ಪಾರವ್ವ ಕುಸಿದ ಗೋಡೆಯ ಕೆಳಗೆ ಸಿಕ್ಕಿ ಸೊಂಟ ಮುರಿದುಕೊಂಡು ಉಳಿದಳು. ತಾಯಿ ಮಾತ್ರ ಉಳಿಯಲಿಲ್ಲ. ಬಾಗಿಲು ಹಿಡಿದು ನಿಂತಿದ್ದವಳು ಬಾಗಿಲಿನ ಸಮೇತ ಹೋದದ್ದನ್ನು ತಿರಕಪ್ಪ ಮರದ ಮೇಲಿನಿಂದ ನೋಡಿದ. ಅಂದಿನಿಂದ ನೀರಿನ ಸಪ್ಪಳವೆಂದರೆ ಅವನ ಕೈಕಾಲು ತಣ್ಣಗಾಗುತ್ತಿದ್ದವು. ಬೆನ್ನ ಹಿಂದೆ ಯಾರಾದರೂ ಹಂಡೆಗೆ ಕೊಡದ ನೀರು ಸುರುವಿದರೂ ಬೆಚ್ಚಿ ತಿರುಗಿ ನೋಡುತ್ತಿದ್ದ.

ಆಮೇಲೆ ಊರವರೆಲ್ಲ ಮಣ್ಣು ಹೊತ್ತು ಹಳ್ಳಕ್ಕೆ ಅಡ್ಡವಾಗಿ ಒಡ್ಡು ಕಟ್ಟಿದರು. ಮುಂದೆ ನಿಂತು ಕಟ್ಟಿಸಿದವನು ಊರಿನ ಹಿರಿಯ ಕೂಡ್ಲೆಪ್ಪಜ್ಜ. ಒಡ್ಡಿನ ಬುಡದಲ್ಲಿ ನೀರು ಹೊರಗೆ ಹೋಗಲು ಕಲ್ಲಿನ ತೂಬು ಇಟ್ಟರು. ಅದರ ಬಾಯಿಗೊಂದು ದಪ್ಪ ಹಲಗೆ. ಮೇಲಿನಿಂದ ಕಬ್ಬಿಣದ ಸಲಾಕೆ ಹಿಡಿದು ಜಗ್ಗಿದರೆ ಹಲಗೆ ಎದ್ದು ತೂಬು ತೆರೆಯುತ್ತಿತ್ತು. ಆ ತೂಬು ಸದಾ ತೆರೆದೇ ಇರಬೇಕು, ದುರಸ್ತಿ ಇದ್ದಾಗ ಮಾತ್ರ ಮುಚ್ಚಬೇಕು ಎಂದು ಅಜ್ಜ ಕಟ್ಟುನಿಟ್ಟು ಮಾಡಿದ. ದೊಡ್ಡ ಮಳೆ ಬಂದರೆ ನೀರು ಒಡ್ಡಿನ ಹಿಂದೆ ಏರುತ್ತದೆ, ತೂಬಿನಿಂದ ಹದವಾಗಿ ಹರಿದು ಹೋಗುತ್ತದೆ, ಒಡ್ಡು ಮತ್ತೆ ಖಾಲಿಯಾಗಿ ಮುಂದಿನ ಮಳೆಗೆ ಕಾಯುತ್ತದೆ. ಅಷ್ಟೇ ಅದರ ಕೆಲಸ.

ತೂಬು ಕಾಯುವವರು ಯಾರು ಎಂಬ ಮಾತು ಬಂದಾಗ ಗಟ್ಟಿಮುಟ್ಟಾದ ಆಳುಗಳು ಮುಂದೆ ಬಂದರು. ಅಜ್ಜ ಅವರನ್ನೆಲ್ಲ ಬಿಟ್ಟು ತಿರಕಪ್ಪನನ್ನು ಕರೆದ. ಜನ ನಕ್ಕರು.

“ಅಜ್ಜಾ, ಕಪ್ಪಿ ನೀರಾಗ ಹಾರಿದ್ರೂ ಹೆದರ್ತಾನಿವ. ಇವನ ಕೈಯಾಗ ಒಡ್ಡು ಕೊಡ್ತೀಯೇನು?”

“ಹೆದರ್ತಾನಂತನ ಕೊಡಾಕತ್ತೀನಿ,” ಎಂದ ಅಜ್ಜ. “ನೀವಾದ್ರ ನಾಳಿ ನೋಡೂಣು ಅಂತೀರಿ. ಇವ ಇವತ್ತ ಹೋಗಿ ನೋಡ್ತಾನ.”

ಅಜ್ಜನ ಲೆಕ್ಕ ತಪ್ಪಾಗಿರಲಿಲ್ಲ. ಕೆಲವು ವರ್ಷ ತಿರಕಪ್ಪ ಮೋಡ ಕಂಡರೆ ಒಡ್ಡಿನ ಮೇಲೇ ಇರುತ್ತಿದ್ದ. ತೂಬಿಗೆ ಸಿಕ್ಕ ಕಸಕಡ್ಡಿ ತೆಗೆಯುತ್ತಿದ್ದ, ಹೆಗ್ಗಣ ಕೊರೆದ ಬಿಲಗಳಿಗೆ ಮಣ್ಣು ತುಂಬಿ ತುಳಿಯುತ್ತಿದ್ದ. ಮಳೆಗಳು ಬಂದವು, ನೀರು ಏರಿತು, ಇಳಿಯಿತು. ಊರಿಗೆ ಏನೂ ಆಗಲಿಲ್ಲ. ಕೆಳಗೇರಿಯಲ್ಲಿ ಮತ್ತೆ ಮನೆಗಳೆದ್ದವು. ಪಾರವ್ವ ಹಳೆಯ ಜಾಗದಲ್ಲೇ ಒಂದು ಖೋಲಿ ಕಟ್ಟಿಕೊಂಡು, ಕೋಲೂರಿ ಓಡಾಡಿಕೊಂಡು, ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದಳು. ಕೂಡ್ಲೆಪ್ಪಜ್ಜ ತೀರಿಕೊಂಡ. ಏನೂ ಆಗದೆ ಆಗದೆ ಜನರಿಗೆ ಒಡ್ಡು ಯಾಕೆ ಕಟ್ಟಿದ್ದೆಂಬುದೇ ಮಸುಕಾಯಿತು. ಅವರ ಕಣ್ಣಿಗೆ ಕಾಣುತ್ತಿದ್ದದ್ದು ಒಂದು ದೊಡ್ಡ ಖಾಲಿ ತಗ್ಗು, ಅದರ ನಡುವೆ ಹರಿದು ಹೋಗಿಬಿಡುವ ನೀರು.

ಒಂದು ವರ್ಷ ಮುಂಗಾರು ಚೆನ್ನಾಗಿ ಶುರುವಾಗಿ ನಡುವೆ ಕೈಕೊಟ್ಟಿತು. ಆಗ ಮಡಿವಾಳರ ಫಕೀರವ್ವ ಬಟ್ಟೆಯ ಗಂಟು ಹೊತ್ತು ಒಡ್ಡಿಗೆ ಬಂದಳು.

“ತಮ್ಮಾ, ಹಳ್ಳದಾಗ ಪಾದ ಮುಳಗೂವಷ್ಟೂ ನೀರಿಲ್ಲ. ಮೊಣಕಾಲಮಟ ನಿಲ್ಲೂವಂಗ ಹಲಗಿ ಒಂದೀಟ ಇಳಸು. ನಿಂಗ ಪುಣ್ಯ ಬರ್ತೈತಿ.”

“ಬ್ಯಾಡಬೇ ಯವ್ವಾ. ಅಜ್ಜ ಬ್ಯಾಡ ಅಂದಾನ.”

ಫಕೀರವ್ವ ವಾದ ಮಾಡಲಿಲ್ಲ. ಮುಖ ಸಣ್ಣದು ಮಾಡಿಕೊಂಡು, ಗಂಟು ಮತ್ತೆ ತಲೆಗೇರಿಸಿಕೊಂಡು ಹೋದಳು. ಅಂದು ತಿರಕಪ್ಪನಿಗೆ ಊಟ ಸೇರಲಿಲ್ಲ. ಕೂಡ್ಲೆಪ್ಪಜ್ಜನಿಗೆ ತಿಳಿಯದೇ ಹೋದದ್ದು ಇದೊಂದೇ: ತಿರಕಪ್ಪನಿಗೆ ನೀರಿನ ಭಯ ಎಷ್ಟಿತ್ತೋ, ಜನರ ಮುಖದ ಭಯವೂ ಅಷ್ಟೇ ಇತ್ತು. ಯಾರಾದರೂ ತನ್ನ ಮೇಲೆ ಮುನಿಸಿಕೊಂಡರೆ ಅವನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಮರುದಿನ ಅವನು ಹಲಗೆಯನ್ನು ಸ್ವಲ್ಪ ಇಳಿಸಿದ. ಮೊಣಕಾಲಷ್ಟು ನೀರಿಗೆ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಅದನ್ನು ನೋಡಿ ಎಮ್ಮೆ ಇದ್ದವರು ಬಂದರು. ಎಮ್ಮೆ ಮೈ ಮುಳುಗುವಷ್ಟಾದರೂ ಬೇಕಲ್ಲ? ಹಲಗೆ ಇನ್ನಷ್ಟು ಇಳಿಯಿತು. ಫಕೀರವ್ವನಿಗೆ ಹೂಂ ಅಂದ ಮೇಲೆ ಇವರಿಗೆ ಒಲ್ಲೆ ಅನ್ನುವುದು ಹೇಗೆ?

ಕೊನೆಗೆ ಶೇಖನಗೌಡ ಬಂದ. ಗೌಡ ಕೆಟ್ಟವನಲ್ಲ. ಹಿಂದೆ ಹಳ್ಳ ಬಂದಾಗ ಮನೆ ಕಳೆದುಕೊಂಡವರಿಗೆ ತನ್ನ ಅಂಗಳದಲ್ಲಿ ಒಲೆ ಹೂಡಿಕೊಟ್ಟವನು ಅವನೇ. ಒಡ್ಡಿನ ಪಕ್ಕದಲ್ಲೇ ಅವನ ಮೆಣಸಿನಕಾಯಿ ಹೊಲವಿತ್ತು.

“ತಿರಕಪ್ಪಾ, ಗಿಡ ಹೂವಿಗೆ ಬಂದಾವ. ಈಗ ನೀರ ಕಾಣಲಿಲ್ಲಂದ್ರ ಹೂವೆಲ್ಲ ಉದುರತಾವ. ಹಲಗಿ ಪೂರಾ ಮುಚ್ಚಿಬಿಡು.”

“ಗೌಡ್ರ, ಒಡ್ಡು ತುಂಬಿದ್ರ...” ತಿರಕಪ್ಪನ ದನಿ ಅಲ್ಲಿಗೇ ನಿಂತಿತು.

“ಮಳಿ ಎಲ್ಲೈತೋ ಮಾರಾಯ ತುಂಬಾಕ? ಮೋಡ ಕಂಡ ದಿನಾ ತಗದ್ರಾತು. ತಗ್ಯಾಕ ಎಷ್ಟೊತ್ತು?”

ತಿರಕಪ್ಪ ಸಲಾಕೆಗೆ ಕೈ ಹಾಕಿದ. ಹಲಗೆ ಪೂರ್ತಿ ಇಳಿಯಿತು. ಸಂದಿಯಲ್ಲಿ ನೀರು ಸೋರದಂತೆ ಗೌಡನ ಆಳುಗಳು ಎರೆಮಣ್ಣು ಮೆತ್ತಿ ತುಳಿದು ಗಟ್ಟಿ ಮಾಡಿದರು.

ಸ್ವಲ್ಪ ದಿನಕ್ಕೆ ಪಡುವಣದ ಊರುಗಳಲ್ಲಿ ಒಂದು ಹದವಾದ ಮಳೆಯಾಗಿ ಒಡ್ಡು ಮುಕ್ಕಾಲು ತುಂಬಿತು. ಊರಿಗೆ ಸಂಭ್ರಮವೋ ಸಂಭ್ರಮ. ಸಂಜೆ ಹೆಂಗಸರು ಮಕ್ಕಳು ಒಡ್ಡಿನ ಏರಿಯ ಮೇಲೆ ಬಂದು ಕೂರತೊಡಗಿದರು. ಬೆಳ್ಳಕ್ಕಿ ಬಂದವು. ಎದುರಿಗೆ ಸಿಕ್ಕವರೆಲ್ಲ “ತಿರಕಪ್ಪನ ಕೆರಿ” ಎಂದು ಬೆನ್ನು ತಟ್ಟಿದರು. ಜೀವಮಾನದಲ್ಲಿ ಮೊದಲ ಸಲ ಅವನನ್ನು ನೋಡಿ ಯಾರೂ ನಗೆಯಾಡಲಿಲ್ಲ. ಅದು ಅವನಿಗೆ ಹಿತವಾಗಿತ್ತು.

ಆದರೆ ಜನ ಎದ್ದು ಹೋದ ಮೇಲೆ ಅವನೊಬ್ಬನೇ ಏರಿಯ ಮೇಲೆ ಉಳಿಯುತ್ತಿದ್ದ. ಒಂದು ಕಡೆ ಕಪ್ಪಗೆ ಹಾಸಿಕೊಂಡ ನೀರು. ಇನ್ನೊಂದು ಕಡೆ, ತೀರ ಕೆಳಗೆ, ಕೆಳಗೇರಿಯ ಮನೆಗಳಿಂದ ಏಳುವ ಒಲೆಯ ಹೊಗೆ. ನಡುವೆ ಇದ್ದದ್ದು ತಾವೇ ಹೊತ್ತು ಹಾಕಿದ ಮಣ್ಣು. ಅವನು ಬೋರಲು ಮಲಗಿ ಆ ಮಣ್ಣಿಗೆ ಕಿವಿ ಇಡುತ್ತಿದ್ದ. ಒಳಗೆ ಏನೋ ಸರಿದಂತೆ, ಯಾರೋ ಮೆಲ್ಲಗೆ ಉಗುರಿನಿಂದ ಕೆರೆದಂತೆ ಕೇಳುತ್ತಿತ್ತು. ಅದು ನಿಜವೋ ತನ್ನ ಎದೆಯ ಸದ್ದೋ ತಿಳಿಯುತ್ತಿರಲಿಲ್ಲ. ಎದ್ದು ಹೆಗಲ ಮೇಲಿನ ಧೂಳು ಕೊಡವಿಕೊಂಡು ಮನೆಗೆ ಹೋಗುತ್ತಿದ್ದ. ಯಾರಿಗೂ ಹೇಳುತ್ತಿರಲಿಲ್ಲ.

ಮೋಡವೂ ಕಂಡಿತು, ಕಾಣದೇ ಇರಲಿಲ್ಲ. ಒಂದು ದಿನ ಕಂಡದ್ದು ಸಣ್ಣ ಮೋಡ. ಇನ್ನೊಂದು ದಿನ ಗಾಳಿ ಬೇರೆ ದಿಕ್ಕಿಗಿತ್ತು. ಮತ್ತೊಂದು ದಿನ ಗೌಡನ ಹೊಲಕ್ಕೆ ನೀರು ಹಾಯಿಸುವುದು ಅರ್ಧವಾಗಿತ್ತು. ತೂಬು ತೆರೆಯುವ ದಿನ ಬರಲೇ ಇಲ್ಲ.

ಪಾರವ್ವ ಒಮ್ಮೆ ರೊಟ್ಟಿ ಕೊಡುತ್ತ ಕೇಳಿದಳು. “ತಮ್ಮಾ, ಒಡ್ಡು ತುಂಬೇತಂತಲ್ಲೋ. ಖರೇನ?”

“ಸ್ವಲ್ಪ ಐತಿ, ಅಕ್ಕಾ. ಸ್ವಲ್ಪ ಅಷ್ಟ.”

ಅವಳು ಅವನ ಮುಖವನ್ನೇ ನೋಡಿದಳು. ಅವನು ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದ.

ಉತ್ತರೆ ಮಳೆಯ ದಿನಗಳು ಬಂದವು. ಒಂದು ಮಧ್ಯಾಹ್ನ ಗಾಳಿ ಥಟ್ಟನೆ ನಿಂತಿತು. ಪಡುವಣ ದಿಕ್ಕು ಕಾಡಿಗೆ ಬಳಿದಂತೆ ಕಪ್ಪಾಯಿತು. ಆ ಕಪ್ಪಿನೊಳಗೆ ಮಿಂಚು ಸದ್ದಿಲ್ಲದೆ ಹೊಳೆಯುತ್ತಿತ್ತು. ತಿರಕಪ್ಪ ಗೌಡನ ಹೊಲಕ್ಕೆ ಓಡಿದ.

“ಗೌಡ್ರ, ಇವತ್ತ ತಗೀಬೇಕ್ರಿ. ಆ ಕಡಿ ನೋಡ್ರಿ.”

ಗೌಡ ನೆತ್ತಿಯ ಮೇಲಿನ ಬಿಸಿಲನ್ನು ನೋಡಿದ. “ಇಲ್ಲಿ ಬಿಸಿಲ ಐತಲ್ಲೋ. ಒಂದ ದಿನಾ ತಡಿ. ನಾಳಿ ಕಡೀ ಮಡಿಗೆ ನೀರ ಹಾಯಿಸಿ ಬಿಟ್ಟಬಿಡೂಣು.”

ತಿರಕಪ್ಪ ತಲೆಯಾಡಿಸಿದ.

ಏರಿಗೆ ಹಿಂತಿರುಗುವಷ್ಟರಲ್ಲಿ ಆ ಸಪ್ಪಳ ಕೇಳಿತು. ಅವನು ಅದನ್ನು ಮರೆತಿರಲಿಲ್ಲ. ದೂರದಲ್ಲಿ ಸಾವಿರ ಗಾಡಿಗಳು ಕಲ್ಲಿನ ಹಾದಿಯಲ್ಲಿ ಬರುತ್ತಿರುವಂಥ ಸಪ್ಪಳ. ಕರಕಿಹಳ್ಳ ಕೆಂಪಗೆ, ನೊರೆಯೊಂದಿಗೆ, ಬುಡಸಮೇತ ಕಿತ್ತ ಗಿಡಗಳನ್ನು ಉರುಳಿಸಿಕೊಂಡು ಒಡ್ಡಿನೊಳಗೆ ನುಗ್ಗಿತು. ಖಾಲಿ ಇದ್ದಿದ್ದರೆ ಒಡ್ಡು ಅದನ್ನೆಲ್ಲ ನುಂಗಿಕೊಳ್ಳುತ್ತಿತ್ತು. ಈಗ ಜಾಗವಿರಲಿಲ್ಲ. ನೀರು ಅವನ ಕಣ್ಣೆದುರಿಗೇ ಏರಿಯ ಕಲ್ಲುಗಳನ್ನು ಒಂದೊಂದಾಗಿ ಮುಚ್ಚುತ್ತ ಮೇಲೆ ಬಂತು.

ಅವನು ಸಲಾಕೆ ಹಿಡಿದು ಜಗ್ಗಿದ. ಹಲಗೆ ಅಲುಗಲಿಲ್ಲ. ಮೆತ್ತಿದ ಎರೆಮಣ್ಣು ಕಚ್ಚಿ ಹಿಡಿದಿತ್ತು, ಮೇಲೆ ಅಷ್ಟು ನೀರಿನ ಭಾರ. ಕಾಲು ಕೊಟ್ಟು ಜಗ್ಗಿದ. ಸಲಾಕೆ ಬಾಗಿತು, ಅಂಗೈಯ ಚರ್ಮ ಸುಲಿಯಿತು, ಹಲಗೆ ಇದ್ದಲ್ಲೇ ಇತ್ತು. ತೆಗೆಯಲು ಎಷ್ಟು ಹೊತ್ತು ಎಂದು ಕೇಳಿದ್ದರಲ್ಲ ಗೌಡರು!

ಏರಿಯ ಇನ್ನೊಂದು ಮಗ್ಗುಲಿಗೆ ಇಳಿದು ನೋಡಿದ. ಬುಡದಲ್ಲಿ ಒಂದು ಕಡೆ ಮಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು. ಅಲ್ಲಿಂದ ಬೆರಳು ಗಾತ್ರದ ನೀರು ಸೋರುತ್ತಿತ್ತು. ತಿಳಿನೀರು. ಅವನು ನೋಡುತ್ತಿದ್ದಂತೆಯೇ ಅದು ಕದಡಿ ಕೆಂಪಾಯಿತು. ಈಗ ಹರಿದು ಹೋಗುತ್ತಿರುವುದು ಬರೀ ನೀರಲ್ಲ, ಒಡ್ಡಿನ ಒಳಗಿನ ಮಣ್ಣು.

ಓಡಿಹೋಗಿ ಊರನ್ನು ಎಬ್ಬಿಸಬೇಕು. ಆದರೆ ಹೇಳುವುದೇನು? ತೂಬು ಮುಚ್ಚಿದವನು ತಾನು. ಊರೆಲ್ಲ ತನ್ನ ಮುಖಕ್ಕೆ ಉಗುಳುತ್ತದೆ. ಯಾರಿಗೂ ತಿಳಿಯದೆ ಇದು ನಿಂತುಬಿಟ್ಟರೆ? ಒಂದಿಷ್ಟು ಮಣ್ಣು ಒತ್ತಿದರೆ ನಿಲ್ಲಲೂಬಹುದು. ಅವನು ಬೊಗಸೆ ಬೊಗಸೆ ಮಣ್ಣು ತೂತಿಗೆ ಒತ್ತಿದ. ನೀರು ಅದನ್ನು ಉಗುಳಿತು. ಕಲ್ಲಿಟ್ಟ. ಕಲ್ಲೂ ಹೊರಳಿ ಬಂತು. ಮಣ್ಣು ಕರಗುತ್ತ ತೂತಿನ ಒಳಗೆ ಸಂದು ಅಗಲವಾಗುತ್ತಿತ್ತು. ಮತ್ತೆ ಮೇಲಕ್ಕೆ ಹತ್ತಿ ನೀರಿನ ಕಡೆ ಇಣುಕಿದರೆ ಅಲ್ಲೊಂದು ಸಣ್ಣ ಸುಳಿ ತಿರುಗುತ್ತಿತ್ತು. ಅಲ್ಲಿಂದಲೇ ನೀರು ಒಳಗೆ ಹೋಗುತ್ತಿದೆ ಎಂದುಕೊಂಡು ಅವನು ತಲೆಯ ರುಮಾಲು ಬಿಚ್ಚಿ, ಉಂಡೆ ಮಾಡಿ, ಸುಳಿಯ ಬಾಯಿಗೆ ತುರುಕಿದ. ರುಮಾಲು ಒಂದು ಗಳಿಗೆ ನಿಂತಿತು. ಆಮೇಲೆ ಯಾರೋ ಒಳಗಿನಿಂದ ಜಗ್ಗಿದಂತೆ, ಅಷ್ಟುದ್ದದ ಬಟ್ಟೆ ಅವನ ಬೆರಳುಗಳ ನಡುವಿನಿಂದ ಸರ್ರನೆ ಜಾರಿ ಕಾಣೆಯಾಯಿತು.

ಅವನು ಓಡಿದ.

ಊರಿನಲ್ಲಿ ಇನ್ನೂ ಹನಿ ಬಿದ್ದಿರಲಿಲ್ಲ. ಹಿಟ್ಟಿನ ಗಿರಣಿಯ ಮುಂದೆ ಜನ ಕೂತಿದ್ದರು. ಹೊಲದಿಂದ ಬಂದ ಗೌಡನೂ ಅಲ್ಲೇ ಇದ್ದ. ತಿರಕಪ್ಪ ಏದುಸಿರು ಬಿಡುತ್ತ ಕೂಗಿದ. “ಒಡ್ಡು ಒಡಿತೈತಿ! ಕೆಳಗೇರಿ ಖಾಲಿ ಮಾಡ್ರಿ! ಏಳ್ರೋ!”

ಯಾರೋ ನಕ್ಕರು. “ನಮ್ಮ ತಿರಕಪ್ಪಗ ಮತ್ತ ನೀರ ಕಂಡೈತಿ.”

“ದೇವರಾಣೆ, ನಗಬ್ಯಾಡ್ರಿ. ತೂಬು ಮುಚ್ಚೇತಿ. ನಾನ ಮುಚ್ಚೀನಿ. ಈಗ ತಗ್ಯಾಕ ಬರವಲ್ದು. ತಪ್ಪು ನಂದ. ಆಮ್ಯಾಗ ನನ್ನ ಬೇಕಾದ್ದು ಮಾಡ್ರಿ, ಈಗ ಏಳ್ರಿ!”

ಜನ ಒಬ್ಬರ ಮುಖ ಒಬ್ಬರು ನೋಡಿದರು. ಇನ್ನೂ ಯಾರೂ ಏಳಲಿಲ್ಲ. ಆಗ ಶೇಖನಗೌಡ ಅವನನ್ನೇ ದಿಟ್ಟಿಸಿ ಕೇಳಿದ.

“ತಿರಕಪ್ಪಾ, ನಿನ್ನ ರುಮಾಲ ಎಲ್ಲಿ?”

“ಒಡ್ಡು ನುಂಗ್ತು, ಗೌಡ್ರ.”

ಗೌಡನ ಮುಖ ಬಿಳಿಚಿಕೊಂಡಿತು. ಅವನು ಎದ್ದು ನಿಂತ. “ಮುಚ್ಚು ಅಂದವ ನಾನ. ಬಿಡೂಣು ಅಂದಾಗ ತಡಿ ಅಂದವನೂ ನಾನ. ಇವ ಖರೇ ಹೇಳಾಕತ್ಯಾನ. ಏಳ್ರೋ, ಓಡ್ರಿ!”

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಕೆಳಗೇರಿಯ ಬಾಗಿಲುಗಳನ್ನು ಬಡಿದರು. ತೊಟ್ಟಿಲಿನಿಂದ ಕೂಸುಗಳನ್ನು ಎತ್ತಿಕೊಂಡರು, ಮುದುಕರನ್ನು ಕಂಬಳಿಯಲ್ಲಿ ಹೊತ್ತರು. ಒಲೆಯ ಮೇಲಿನ ಗಡಿಗೆ ಒಲೆಯ ಮೇಲೇ ಉಳಿಯಿತು. ತಿರಕಪ್ಪ ಅಕ್ಕನ ಖೋಲಿಗೆ ನುಗ್ಗಿ ಬೆನ್ನು ಕೊಟ್ಟು ಕೂತ. ಪಾರವ್ವ ಏನನ್ನೂ ಕೇಳದೆ ಅವನ ಕೊರಳು ಹಿಡಿದುಕೊಂಡಳು. ಅವಳನ್ನು ಹೊತ್ತು ದಿನ್ನೆ ಏರತೊಡಗಿದ. ಅರ್ಧ ಏರಿದ ಮೇಲೆ ಅವಳು ಕಿವಿಯ ಹತ್ತಿರ ಅಂದಳು: “ಸ್ವಲ್ಪ ಐತಿ ಅಂದಿದ್ದಿ.”

ಅವನು ಅವಳನ್ನು ಬೆನ್ನ ಮೇಲೆ ಸರಿಯಾಗಿ ಎತ್ತಿಕೊಂಡು ಉಳಿದ ದಿನ್ನೆ ಏರಿದ.

ದಿನ್ನೆಯ ಮೇಲೆ ನಿಂತವರಿಗೆ ಒಡ್ಡು ಕಾಣುತ್ತಿತ್ತು. ಮೊದಲು ಏರಿಯ ನಡುಭಾಗ ಮೆಲ್ಲಗೆ ತಗ್ಗಿತು, ಯಾರೋ ನಿದ್ದೆಯಲ್ಲಿ ತಲೆ ಬಾಗಿಸಿದಂತೆ. ನಂತರ ಒಂದೇ ಸಲಕ್ಕೆ ಬಾಯಿ ಬಿಟ್ಟಿತು. ಆ ಸದ್ದಿಗೆ ಕೂಸುಗಳು ಅಳು ನಿಲ್ಲಿಸಿದವು. ಕೆಂಪು ನೀರು ಕೆಳಗೇರಿಯ ಮೇಲೆ ಬಂತು. ಮನೆಗಳು ಸಕ್ಕರೆಯಂತೆ ಕರಗಿದವು. ಬಿಚ್ಚಲು ಆಗದೆ ಉಳಿದ ದನಗಳ ಕೂಗು ಸ್ವಲ್ಪ ಹೊತ್ತು ಕೇಳಿತು, ಆಮೇಲೆ ಅದೂ ಇಲ್ಲ.

ಜನ ತಮ್ಮ ತಮ್ಮವರ ಹೆಸರು ಹಿಡಿದು ಕೂಗತೊಡಗಿದರು. ಒಬ್ಬೊಬ್ಬರೇ ಓಗೊಟ್ಟರು. ಫಕೀರವ್ವನ ಗಂಡ ಅವಳ ಹೆಸರು ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಅವಳು ಬೆಳಿಗ್ಗೆಯೇ ಬಟ್ಟೆ ಒಗೆಯಲು ಒಡ್ಡಿನ ಹಿನ್ನೀರಿನ ಮೇಲ್ತುದಿಗೆ ಹೋಗಿದ್ದಳು ಎಂದು ಯಾರೋ ಅಂದರು. ತಿರಕಪ್ಪ ನೆಲಕ್ಕೆ ಕುಸಿದು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ. ಆ ಗಂಡನ ಕೂಗು ಕೈಗಳನ್ನು ದಾಟಿಯೂ ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ, ನೀರಿನ ಆಚೆಯ ದಿನ್ನೆಯಿಂದ, ಕೀರಲು ದನಿಯೊಂದು ಬಂತು. “ಇಲ್ಲಿ ಅದೀನಿ! ಇಲ್ಲಿ ಅದೀನೋ!” ಹಳ್ಳದ ಸಪ್ಪಳ ಕೇಳಿ ಅವಳು ಬಟ್ಟೆಗಳನ್ನೆಲ್ಲ ಬಿಟ್ಟು ಆಚೆ ದಡಕ್ಕೆ ಹತ್ತಿದ್ದಳು.

ಜೀವ ಯಾರದೂ ಹೋಗಲಿಲ್ಲ. ಆದರೆ ಕೆಳಗೇರಿಯಲ್ಲಿ ಒಂದು ಗೋಡೆಯೂ ನಿಂತಿರಲಿಲ್ಲ.

ನೀರಿಳಿದ ಮೇಲೆ ಊರು ಸೇರಿತು. ತಿರಕಪ್ಪ ರುಮಾಲಿಲ್ಲದ ಬರಿತಲೆಯಲ್ಲಿ ಎಲ್ಲರ ಮುಂದೆ ನಿಂತು, “ಹೊಡೀರಿ, ಊರ ಬಿಡಸ್ರಿ, ಏನ ಮಾಡಿದ್ರೂ ನಡೀತೈತಿ,” ಎಂದ. ಯಾರೂ ಕೈ ಎತ್ತಲಿಲ್ಲ. ಫಕೀರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಮೊದಲ ಕೇಳಿದಾಕಿ ನಾನ,” ಅಂದಳು. ಎಮ್ಮೆಯವರು ನೆಲ ನೋಡಿದರು. ಗೌಡ ತನ್ನ ಹೊಲದಲ್ಲಿ ಕೆಳಗೇರಿಯವರಿಗೆ ಎತ್ತರದ ಜಾಗ ಬಿಟ್ಟುಕೊಟ್ಟ.

ಸುಲಭಕ್ಕೆ ಬಿಡದವಳು ಪಾರವ್ವ ಒಬ್ಬಳೇ. “ಅವ್ವ ಹ್ವಾದಾಗ ಯಾರದೂ ತಪ್ಪಿರಲಿಲ್ಲ,” ಎಂದಳು. “ಇದು ಹಂಗಲ್ಲ. ನಮ್ಮ ತಲಿ ಮ್ಯಾಲಿನ ನೀರನ್ನ ನೀವೆಲ್ಲ ಹಂಚಿಕೊಂಡ್ರಿ, ನಮ್ಮನ್ನ ಒಂದ ಮಾತ ಕೇಳಲಿಲ್ಲ. ಒಡ್ಡು ಮತ್ತ ಕಟ್ರಿ. ಆದ್ರ ಇನ್ನಮ್ಯಾಲ ಕೆಳಗೇರಿಯವ್ರನ್ನ ಕೇಳದ ಹಲಗಿ ಮುಟ್ಟಬ್ಯಾಡ್ರಿ.”

ಊರು ಒಪ್ಪಿತು. ಒಡ್ಡು ಮತ್ತೆ ಎದ್ದಿತು. ತೂಬು ಕಾಯಲು ತಿರಕಪ್ಪನೇ ಇರಲಿ ಎಂದು ಗೌಡ ಹೇಳಿದಾಗ ಅವನು ಕೈಮುಗಿದು ಒಲ್ಲೆ ಎಂದ. “ನಾ ಅಂಜುಬುರಕ ಅದೀನ್ರಿ.”

ಪಾರವ್ವ ಕೋಲಿನಿಂದ ನೆಲ ಕುಟ್ಟಿದಳು. “ಅಂಜು. ಯಾರ ಬ್ಯಾಡ ಅಂದ್ರು? ನೀರಿಗೆ ಅಂಜು. ನಮ್ಮ ಮುಖಕ್ಕ ಅಂಜಬ್ಯಾಡ.”

ಮುಂದಿನ ವರ್ಷ ಮಳೆ ಮತ್ತೆ ತಡವಾಯಿತು. ಊರಿಗೆ ಹೊಸದಾಗಿ ಬಂದು ಕಲ್ಲಂಗಡಿ ಹಾಕಿದ್ದ ಒಬ್ಬ ರೈತ ಒಡ್ಡಿಗೆ ಬಂದು ಬೇಡಿಕೊಂಡ. ಬಳ್ಳಿ ಒಣಗುತ್ತಿವೆ, ಒಂದು ಮೊಣಕಾಲಷ್ಟು ನೀರು ಸಾಕು, ಆಮೇಲೆ ಬಿಟ್ಟುಬಿಡೋಣ ಎಂದ. ಹೂಂ ಎಂಬ ಮಾತು ತಿರಕಪ್ಪನ ನಾಲಿಗೆಯ ತುದಿಗೇ ಬಂತು.

“ಇಲ್ರಿ,” ಎಂದ. “ಆಗೂದಿಲ್ರಿ.”

ಆ ರೈತ ಸಿಟ್ಟಿನಿಂದ ಏನೋ ಗೊಣಗಿ ಹೋದ. ಆ ವರ್ಷ ಪೂರ್ತಿ ಎದುರಿಗೆ ಸಿಕ್ಕರೂ ಮುಖ ತಿರುಗಿಸಿಕೊಂಡು ನಡೆದ. ತಿರಕಪ್ಪನಿಗೆ ಅದು ಪ್ರತಿ ಸಲವೂ ಚುಚ್ಚಿತು. ತೂಬು ಮಾತ್ರ ತೆರೆದೇ ಇತ್ತು.

ನೀತಿ: ಆಪತ್ತಿಗೆಂದು ಖಾಲಿ ಇಟ್ಟ ಜಾಗ ವ್ಯರ್ಥವಲ್ಲ. ಇಂದಿನ ಅನುಕೂಲಕ್ಕೆ ಅದನ್ನು ತುಂಬಿದರೆ ನಾಳೆಯ ಆಪತ್ತಿಗೆ ಜಾಗವಿರುವುದಿಲ್ಲ. ಭಯಪಡುವುದು ತಪ್ಪಲ್ಲ. ಆದರೆ ಜನರ ಮುನಿಸಿಗೆ ಹೆದರಿ ನಿಜವಾದ ಅಪಾಯವನ್ನು ಮುಚ್ಚಿಡುವವನು, ಯಾರ ಮುಖಕ್ಕೆ ಹೆದರಿದನೋ ಅವರನ್ನೇ ಮುಳುಗಿಸುತ್ತಾನೆ.